ಜಾಮ್‌ಗೂ ಒಂದು ಪಾಕವಿದೆ

ಪ್ರಶ್ನೆ: ಅಂಗಡಿಯ ಜಿಮ್ ಜಾಮ್ ಬಿಸ್ಕತ್ತಿನ ನಡುವೆ ಜಾಮ್ ಕೆಂಪಗೆ, ದುಂಡಗೆ, ಇಟ್ಟಲ್ಲೇ ಕೂತಿರುತ್ತದೆ. ಮೊಮ್ಮಗಳಿಗಾಗಿ ಮನೆಯಲ್ಲಿ ಅಂಥದ್ದೇ ಮಾಡೋಣವೆಂದು ಓಟಿಜಿಯಲ್ಲಿ ಮೂರು ಸಲ ಇಟ್ಟೆ. ಮೂರು ಸಲವೂ ಜಾಮ್ ಹಾಲಿನಂತೆ ಉಕ್ಕಿ, ಟ್ರೇಗೆಲ್ಲ ಹರಿದು ಕರಕಲಾಯಿತು. ಉಳಿದ ಬಿಸ್ಕತ್ತು ಮಾರನೆಯ ದಿನ ನೆನೆದ ರಸ್ಕಿನ ಹಾಗೆ ಮೆತ್ತಗಾಯಿತು. ತಪ್ಪು ಜಾಮ್‌ನದೋ, ಓವನ್ನಿನದೋ, ನನ್ನದೋ? ನಾವು ಮೊಟ್ಟೆ ಬಳಸುವುದಿಲ್ಲ.
– ಓದುಗರೊಬ್ಬರು, ಕೆ.ಆರ್. ಪುರ

ಉತ್ತರ: ನಿಮ್ಮ ಓವನ್ನೂ ಸರಿಯಾಗಿದೆ, ಕೈಯೂ ಸರಿಯಾಗಿದೆ. ನೀವು ಬಳಸಿದ್ದು ಬ್ರೆಡ್ಡಿಗೆ ಸವರಲೆಂದು ಮಾಡಿದ ಜಾಮ್. ಬೆಳಗಿನ ಹೊತ್ತು ಚಾಕುವಿನ ತುದಿಯಲ್ಲಿ ಸಲೀಸಾಗಿ ಜಾರಬೇಕು ಎಂಬುದಷ್ಟೇ ಅದರ ಕೆಲಸ. ಅದನ್ನು 170 ಡಿಗ್ರಿ ಕಾವಿನಲ್ಲಿ ಕಾಲು ಗಂಟೆ ಕೂರಿಸಿದರೆ ಕೂರುವುದಿಲ್ಲ.

ಜಿಮ್ ಜಾಮ್ ಜೊತೆ ಹೋಲಿಸಿಕೊಂಡು ಬೇಜಾರು ಮಾಡಿಕೊಳ್ಳಬೇಡಿ. ಅಂಥ ಜೋಡಿ ಬಿಸ್ಕತ್ತುಗಳ ಜಾಮ್ ಓವನ್ನಿನ ಮುಖವನ್ನೇ ನೋಡಿರುವುದಿಲ್ಲ. ಕಾರ್ಖಾನೆಯಲ್ಲಿ ಬಿಸ್ಕತ್ತನ್ನು ಬರಿದಾಗಿ ಬೇಯಿಸಿ, ಆರಿಸಿ, ಆಮೇಲೆ ಕ್ರೀಮು ಮತ್ತು ಜಾಮ್ ಇಟ್ಟು ಜೋಡಿಸುತ್ತಾರೆ. ಆಸ್ಟ್ರಿಯಾದ ಲಿಂಟ್ಸರ್ ಬಿಸ್ಕತ್ತಿನ ಕ್ರಮವೂ ಇದೇ: ಮೇಲಿನ ಬಿಸ್ಕತ್ತಿಗೆ ಕಿಟಕಿಯಂಥ ತೂತು, ಎರಡನ್ನೂ ಬೇಯಿಸಿಯಾದ ಮೇಲೆ ನಡುವೆ ಜಾಮ್. ನೀವು ಮಾಡಲು ಹೊರಟಿದ್ದು ಬೇರೆ ಜಾತಿ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗುಂಡಿ ಒತ್ತಿ, ಜಾಮ್ ತುಂಬಿ, ಎಲ್ಲವನ್ನೂ ಒಟ್ಟಿಗೇ ಬೇಯಿಸುವುದು. ಸ್ವೀಡನ್ನಿನವರು ಇದನ್ನು ‘ರಾಸ್ಪ್‌ಬೆರಿ ಗುಹೆ’ ಎಂದು ಕರೆಯುತ್ತಾರೆ. ಗುಹೆಯೊಳಗಿನ ಜಾಮ್‌ಗೆ ಬೇರೆಯದೇ ಹದ ಬೇಕು.

ಹದ ಎಂದರೇನು? ಬಾಟಲಿಯ ಜಾಮ್‌ನಲ್ಲಿ ನೂರಕ್ಕೆ 65ರಿಂದ 68 ಭಾಗ, ಸಕ್ಕರೆಯೇ ಮುಖ್ಯವಾದ ಕರಗಿದ ಪದಾರ್ಥ. ಮಿಕ್ಕ ಮೂರನೇ ಒಂದು ಪಾಲು ಹೆಚ್ಚುಕಡಿಮೆ ನೀರು. ಓವನ್ನಿನಲ್ಲಿ ಆ ನೀರು ಕುದಿಯುತ್ತದೆ. ಅಂಟು ದ್ರವದೊಳಗೆ ಹುಟ್ಟಿದ ಹಬೆಗೆ ಸುಲಭದ ದಾರಿ ಇಲ್ಲದೆ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ನೀವು ಹಾಲಿಗೆ ಹೋಲಿಸಿದ್ದು ಸರಿಯಾಗಿಯೇ ಇದೆ. ಗುಂಡಿಯ ಅಂಚು ದಾಟಿ ಟ್ರೇ ಮೇಲೆ ತೆಳ್ಳಗೆ ಹರಡಿದ ಜಾಮ್‌ನ ನೀರು ಕ್ಷಣದಲ್ಲಿ ಆವಿಯಾಗಿ, ಉಳಿದ ಸಕ್ಕರೆ ಕರಿದಾಗುತ್ತದೆ. ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ: ಜಾಮ್ ಗಟ್ಟಿಯಾಗಿದೆ ಎಂದು ಬಟ್ಟಲಿಗೆ ಹಾಕಿ ಚಮಚದಲ್ಲಿ ಚೆನ್ನಾಗಿ ಕಲಕಿರುತ್ತೀರಿ. ಹಣ್ಣಿನ ಪೆಕ್ಟಿನ್ ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟಿರುತ್ತದೆ. ಕಲಕಿದರೆ ಬಲೆ ಹರಿದು ನೀರು ಬಿಡುತ್ತದೆ. ಕಲಕಿದ ಜಾಮ್ ಮೊದಲು ಸೋತು ಹರಿಯುವುದು ಅದಕ್ಕೇ.

ಹಾಗಾದರೆ ಮಾಡಬೇಕಾದದ್ದು ಒಂದೇ. ಓವನ್ನಿನಲ್ಲಿ ಕುದಿಯಲಿರುವ ನೀರನ್ನು ಮೊದಲೇ ಒಲೆಯ ಮೇಲೆ ಓಡಿಸುವುದು. ನಮ್ಮ ಅಡುಗೆಮನೆಗೆ ಇದು ಹೊಸ ವಿದ್ಯೆಯಲ್ಲ. ಜಾಮೂನಿಗೆ ಎಳೆ ಬರಬಾರದು, ಅಂಟು ಬಂದರೆ ಸಾಕು. ಮೈಸೂರು ಪಾಕಿಗೆ ಒಂದೆಳೆ. ಚಿಗಳಿ, ಚಿಕ್ಕಿಗೆ ಉಂಡೆ ಪಾಕ ಎಂದು ಲೆಕ್ಕ ಹಾಕುವವರು ನಾವು. ಆ ಲೆಕ್ಕದಲ್ಲಿ ನೋಡಿದರೆ ಬಾಟಲಿಯ ಜಾಮ್ ಜಾಮೂನಿನ ಪಾಕದ ಹತ್ತಿರ ನಿಂತಿದೆ. ಓವನ್ನಿಗೆ ಹೋಗುವ ಜಾಮ್ ಒಂದೆಳೆಯ ಕಡೆಗೆ ನಡೆದಿರಬೇಕು.

ಎಷ್ಟು ನಡೆಯಬೇಕು ಎಂದು ತಿಳಿಯಲು ಎಳೆ ನೋಡುವುದಕ್ಕಿಂತ ತಕ್ಕಡಿ ಸುಲಭ. ಬಾಟಲಿಯಿಂದ 200 ಗ್ರಾಂ ಜಾಮ್ ತೆಗೆದು ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಅದು 180 ಗ್ರಾಂ ಆದಾಗ ಇಳಿಸಿ. ಹೋದದ್ದು ಬರೀ 20 ಗ್ರಾಂ ನೀರು. ಆದರೆ ಸಕ್ಕರೆಯ ಪಾಲು 67ರಿಂದ 75ರ ಸುಮಾರಿಗೆ ಏರಿರುತ್ತದೆ. ಬಾಣಲೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಬಾಣಲೆ ಸಮೇತ ತೂಗಬಹುದು. ಅದನ್ನು ಪೂರಾ ಆರಲು ಬಿಡಿ. ಆರಿದ ಮೇಲೆ ಕಲಕಬೇಡಿ.

ಮನೆಯಲ್ಲೇ ಹಣ್ಣಿನಿಂದ ಜಾಮ್ ಮಾಡುವವರಿಗೆ ಇಲ್ಲೊಂದು ಬೆಂಗಳೂರಿನದೇ ವಿಶೇಷವಿದೆ. ಇಂಗ್ಲಿಷ್ ಅಡುಗೆ ಪುಸ್ತಕಗಳೆಲ್ಲ ಜಾಮ್ 104–105 ಡಿಗ್ರಿಗೆ ಬಂದಾಗ ಇಳಿಸಿ ಎನ್ನುತ್ತವೆ. ಆ ಲೆಕ್ಕ ಸಮುದ್ರಮಟ್ಟದ್ದು. ಜಾಮ್ ಹದಕ್ಕೆ ಬರುವುದು ನೀರು ಕುದಿಯುವ ಬಿಂದುವಿಗಿಂತ ನಾಲ್ಕೈದು ಡಿಗ್ರಿ ಮೇಲೆ. ನಮ್ಮ ಊರು 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಬ್ರೆಡ್ಡಿನ ಜಾಮ್ ಇಲ್ಲಿ 101–102ಕ್ಕೇ ಆಗಿಹೋಗುತ್ತದೆ. ನಾನು ಮೊದಲ ಸಲ ಥರ್ಮಾಮೀಟರ್ ಕೊಂಡಾಗ ಪುಸ್ತಕವನ್ನು ನಂಬಿ 105ರ ತನಕ ಕಾದೆ. ಬಾಟಲಿಯೊಳಗೆ ಹೋದ ಚಮಚ ಹೊರಗೆ ಬರಲಿಲ್ಲ. ಮಂಗಳೂರಿನಲ್ಲಿರುವ ಅಕ್ಕ ಅದೇ ಪುಸ್ತಕ, ಅದೇ 105 ಹಿಡಿದು ಲಕ್ಷಣವಾದ ಜಾಮ್ ಮಾಡುತ್ತಿದ್ದಳು. ನನ್ನ ಕೈಗುಣವೇ ಸರಿಯಿಲ್ಲ ಎಂದು ಅವಳು ಬಹಳ ದಿನ ಹೇಳಿಕೊಂಡು ತಿರುಗಿದಳು. ತಮಾಷೆ ಎಂದರೆ, ಆ ಚಮಚ ಹಿಡಿದುಕೊಂಡ ಜಾಮೇ ಬಿಸ್ಕತ್ತಿಗೆ ಹೇಳಿ ಮಾಡಿಸಿದ್ದು. ಬೆಂಗಳೂರಿನ 105 ಎಂದರೆ ಸಕ್ಕರೆ ನೂರಕ್ಕೆ 75ರ ಸುಮಾರು. ಥರ್ಮಾಮೀಟರ್ ಇದ್ದರೆ ಮೊದಲು ಕುದಿಯುವ ನೀರಿನಲ್ಲಿ ಇಟ್ಟು ಅದು ಎಷ್ಟು ತೋರಿಸುತ್ತದೆ ನೋಡಿ. ಅದಕ್ಕೆ ಎಂಟು ಸೇರಿಸಿ. ಬಿಸ್ಕತ್ತಿನ ಜಾಮ್‌ಗೆ ಆ ಅಂಕಿ.

ಇಷ್ಟು ಬರೆಯುವಾಗ ನನಗೆ ಹಲಸೂರಿನ ನಮ್ಮ ಹಳೆಯ ಮನೆ ನೆನಪಾಯಿತು. ಏಕೆಂದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಡಿಸೆಂಬರ್ ತಿಂಗಳಲ್ಲಿ ವರ್ಷವರ್ಷವೂ ನಮ್ಮ ಮನೆಗೇ ಬರುತ್ತಿತ್ತು. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಆಂಟಿ ಕ್ರೋಶಾ ಬಟ್ಟೆ ಮುಚ್ಚಿ ಕಳಿಸುತ್ತಿದ್ದ ತಟ್ಟೆಯಲ್ಲಿ ಕಲ್‌ಕಲ್, ರೋಸ್ ಕುಕ್ಕಿ, ಒಂದು ತುಂಡು ಪ್ಲಮ್ ಕೇಕು, ಮತ್ತೆ ಮೂಲೆಯಲ್ಲಿ ಕಡುಗೆಂಪು ಬಣ್ಣದ, ಬರ್ಫಿಯ ಹಾಗೆ ಕತ್ತರಿಸಿದ ನಾಲ್ಕು ತುಂಡು ಸೀಬೆಯ ಚೀಸ್. ಹೆಸರು ಚೀಸ್, ಒಳಗೆ ಹಾಲಿನಿಂದ ಬಂದದ್ದು ಒಂದು ಚಮಚ ಬೆಣ್ಣೆ ಮಾತ್ರ. ಕೇಕಿನಲ್ಲಿ ಮೊಟ್ಟೆಯಿದೆ ಎಂದು ಅಮ್ಮ ಅದನ್ನು ಬದಿಗಿಟ್ಟು, ನಾವು ಕದ್ದು ತಿನ್ನುವುದನ್ನು ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದಳು. ಸೀಬೆಯ ಚೀಸ್ ಮಾತ್ರ ಅವಳೇ ತಿನ್ನುತ್ತಿದ್ದಳು. ಯುಗಾದಿಗೆ ಒಬ್ಬಟ್ಟಿನ ತಟ್ಟೆ ಆ ಕಡೆಗೆ ಹೋಗುತ್ತಿತ್ತು.

ದಂಡು ಪ್ರದೇಶದ ಅಡುಗೆಯೇ ಹಾಗೆ. 1809ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಹಲಸೂರಿನ ಬದಿಗೆ ಬಂದು ಬೀಡುಬಿಟ್ಟಿತು. ಸಿಪಾಯಿಗಳ ಹಿಂದೆ ಬ್ರೆಡ್ಡು ಬಂತು, ಬ್ರೆಡ್ಡಿನ ಹಿಂದೆ ಭಟ್ಟಿ ಬಂತು. ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿರುವ ಆಲ್ಬರ್ಟ್ ಬೇಕರಿ 1902ರದ್ದು. ಖೋವಾ ನಾನಿಗೂ ಗುಡ್ ಫ್ರೈಡೆಯ ಕ್ರಾಸ್ ಬನ್ನಿಗೂ ಜನ ಇಂದಿಗೂ ಅಲ್ಲಿ ಮುತ್ತುತ್ತಾರೆ. ಮನೆಮನೆಯಲ್ಲಿ ಓವನ್ ಇರದ ಕಾಲದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹಿಟ್ಟು ಕಲಸಿದ ಕೇಕಿನ ಟ್ರೇಗಳನ್ನು ಹೊತ್ತು ಹತ್ತಿರದ ಬೇಕರಿಗೆ ಹೋಗಿ ಬೇಯಿಸಿಕೊಂಡು ಬರುವುದು ಈ ಭಾಗದ ವಾಡಿಕೆ. ಟ್ರೇ ಅದಲುಬದಲಾಗದಂತೆ ಮನೆಯವರ ಹೆಸರಿನ ಚೀಟಿ. ಸೌದೆ ಭಟ್ಟಿಯಲ್ಲಿ ಕಾವು ಜೋರಾಗಿರುವಾಗ ಬ್ರೆಡ್ಡು, ಬನ್ನು. ಕಾವು ಇಳಿಯುತ್ತ ಬಂದಂತೆ ಬಿಸ್ಕತ್ತು, ರಸ್ಕು. ಬಿಸ್ಕತ್ತಿಗೆ ಸಾವಧಾನದ ಕಾವು ಸಾಕೆಂಬುದನ್ನು ಭಟ್ಟಿಯವರು ಯಾವ ಡಿಗ್ರಿಯ ಹಂಗಿಲ್ಲದೆ ತಿಳಿದಿದ್ದರು.

ಸೀಬೆಯ ಚೀಸಿಗೆ ಬರೋಣ. ಅದು ಬೇರೇನೂ ಅಲ್ಲ, ಬ್ರೆಡ್ಡಿನ ಹದವನ್ನು ದಾಟಿಸಿ ಮುಂದಕ್ಕೆ ಒಯ್ದ ಜಾಮ್. ಸೀಬೆಯಲ್ಲಿ ಪೆಕ್ಟಿನ್ ಧಾರಾಳ. ನೀರು ತೀರಿಸಿ ಪಾತ್ರೆಯ ತಳ ಬಿಟ್ಟು ಬರುವವರೆಗೆ ತಿರುವಿದರೆ ಹಲ್ವದಂತೆ ಕೂತುಬಿಡುತ್ತದೆ. ಓವನ್ನಿನಲ್ಲಿ ಉಕ್ಕಲು ಅದರೊಳಗೆ ನೀರೇ ಸಾಲದು. ಸ್ವಲ್ಪ ಮೆತ್ತಗಾಗಿ, ಮೂಲೆ ದುಂಡಗಾಗಿ, ಗುಂಡಿಯೊಳಗೇ ನೆಲೆಯಾಗುತ್ತದೆ. ನನ್ನನ್ನು ಕೇಳಿದರೆ ಬಾಟಲಿಯ ಮಿಕ್ಸೆಡ್ ಫ್ರೂಟ್ ಜಾಮ್ ಕುದಿಸುವ ತಾಪತ್ರಯಕ್ಕಿಂತ ಇದೇ ವಾಸಿ.

ಪೋರ್ಚುಗೀಸರು ತಮ್ಮೂರಲ್ಲಿ ಕ್ವಿನ್ಸ್ ಎಂಬ ಗಟ್ಟಿ ಹಣ್ಣನ್ನು ಸಕ್ಕರೆಯೊಡನೆ ಬೇಯಿಸಿ ಇಂಥದೇ ತುಂಡು ಮಾಡುತ್ತಿದ್ದರು. ಅದರ ಹೆಸರು ಮಾರ್ಮೆಲಾದ, ಮಾರ್ಮಲೇಡ್ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಸೀಬೆ ಅಮೆರಿಕ ಖಂಡದ ಹಣ್ಣು. ಬ್ರೆಜಿಲ್‌ನಲ್ಲಿ ಅದೇ ವಿದ್ಯೆ ಸೀಬೆಗೆ ತಗುಲಿ ಗೋಯಬಾದಾ ಆಯಿತು, ಗೋವೆಯಲ್ಲಿ ಪೆರಾಡ್ ಆಯಿತು. ಕರಾವಳಿಯವರು ಸೀಬೆಯನ್ನು ಪೇರಲೆ ಎನ್ನುವುದೂ ಪಿಯರ್ ಹಣ್ಣಿಗೆ ಪೋರ್ಚುಗೀಸರು ಹೇಳುವ ‘ಪೆರಾ’ದಿಂದ ಎನ್ನುತ್ತಾರೆ. ಮಂಗಳೂರಿನ ಕ್ರೈಸ್ತರ ಕ್ರಿಸ್‌ಮಸ್ ತಿಂಡಿಯ, ಅಂದರೆ ಕುಸ್ವಾರಿನ, ತಟ್ಟೆಯಲ್ಲೂ ಇದು ಸಿಗುತ್ತದೆ. ಕ್ರೈಸ್ತರದ್ದೇ ಸ್ವತ್ತು ಎಂದುಕೊಳ್ಳಬೇಡಿ: ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳಲ್ಲಿ ಹಲಸಿನ ಹಣ್ಣನ್ನು ಬೆಲ್ಲದೊಡನೆ ಗಂಟೆಗಟ್ಟಲೆ ಕಾಯಿಸಿ ಭರಣಿ ತುಂಬುವ ಬೆರಟಿಯೂ ಇದೇ ವಂಶದ್ದು. ಹಲಸಿನಿಂದ ಹೆಸರು ಪಡೆದದ್ದು ಎನ್ನುವ ಹಲಸೂರಿನಲ್ಲಿ ಕೂತು ನಾನು ಬೆರಟಿ ತುಂಬಿದ ಬಿಸ್ಕತ್ತು ಮಾಡಿದ್ದೇನೆ. ಉಕ್ಕಲಿಲ್ಲ, ಹರಿಯಲಿಲ್ಲ, ಬೆಲ್ಲದ್ದಾದ್ದರಿಂದ ಅಂಚು ಬೇಗ ಕಪ್ಪಾಯಿತು ಅಷ್ಟೆ. ಉರಿಯನ್ನು ಹತ್ತು ಡಿಗ್ರಿ ಇಳಿಸಬೇಕು.

ಚೀಸ್ ಮಾಡುವ ಬಗೆ: ಚೆನ್ನಾಗಿ ಹಣ್ಣಾದ, ಆದರೆ ಮೆತ್ತಗಾಗದ ಸೀಬೆ ಒಂದು ಕಿಲೋ. ಹೆಚ್ಚಿ, ಹಣ್ಣು ಮುಳುಗುವಷ್ಟು ನೀರು ಹಾಕಿ ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಮಿಕ್ಸಿಗೆ ಹಾಕಿ ಅವಸರ ಮಾಡಿದರೆ ಬೀಜ ಪುಡಿಯಾಗಿ ತಿನ್ನುವಾಗ ಮರಳು ಕಡಿದ ಹಾಗಾಗುತ್ತದೆ. ಬಂದ ತಿರುಳನ್ನು ತೂಗಿ, ಅಷ್ಟೇ ತೂಕದ ಸಕ್ಕರೆ, ಎರಡು ನಿಂಬೆಹಣ್ಣಿನ ರಸ. ಮಧ್ಯಮ ಉರಿ, ಉದ್ದ ಹಿಡಿಯ ಸೌಟು. ಕೊನೆಕೊನೆಗೆ ಅದು ಜ್ವಾಲಾಮುಖಿಯಂತೆ ಸಿಡಿಯುವುದರಿಂದ ತುಂಬುತೋಳಿನ ರವಿಕೆ ಒಳ್ಳೆಯದು. ತಳ ಬಿಟ್ಟು ಒಂದೇ ಮುದ್ದೆಯಾಗಿ ತಿರುಗಲು ಶುರುವಾದಾಗ ಒಂದು ಚಮಚ ಬೆಣ್ಣೆ ಹಾಕಿ, ಜಿಡ್ಡು ಸವರಿದ ತಟ್ಟೆಗೆ ಸುರಿಯಿರಿ. ಒಂದು ರಾತ್ರಿ ಬಿಟ್ಟು ಕತ್ತರಿಸಿ. ಬಿಳಿ ತಿರುಳಿನ ಸೀಬೆಗೆ ಕಂದುಬಣ್ಣ ಬರುತ್ತದೆ. ಕೆಂಪು ಬೇಕಾದರೆ ಕೆಂಪು ತಿರುಳಿನ ಹಣ್ಣನ್ನೇ ಹುಡುಕಬೇಕು.

ಹುಳಿಸಿಹಿ ಬೇಕೆನ್ನುವವರಿಗೆ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಈ ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹಾಗೇ ತಿನ್ನಲು ಬೀಜದ ಕಾಟ, ಆದರೆ ಜಾಮ್‌ಗೆ ಇದನ್ನು ಮೀರಿಸುವುದು ಕಷ್ಟ. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಹಣ್ಣಿನ ಸಾಲಿನಲ್ಲಿ ಹಂಗಾಮಿನಲ್ಲಿ ನೋಡಿ. ಒತ್ತಿದರೆ ಸಿಪ್ಪೆ ಚೀಲದಂತೆ ಕಳಚುತ್ತದೆ. ತಿರುಳನ್ನು ಬೇರೆ ಬೇಯಿಸಿ, ಸೋಸಿ, ಬೀಜ ಬಿಸಾಡಿ, ಸಿಪ್ಪೆಯನ್ನು ಮತ್ತೆ ಸೇರಿಸಿ ಕುದಿಸಿ. ಬಣ್ಣವೂ ಪರಿಮಳವೂ ಇರುವುದು ಸಿಪ್ಪೆಯಲ್ಲೇ. ಸಕ್ಕರೆ ತಿರುಳಿನ ಮುಕ್ಕಾಲು ತೂಕ ಸಾಕು. ಇಳಿಸುವ ಡಿಗ್ರಿ ಮೇಲೆ ಹೇಳಿದ್ದೇ.

ಹಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು–ಎರಡು–ಮೂರು ಎಂದು ನೆನಪಿಡಿ: ಸಕ್ಕರೆ ಪುಡಿ 75 ಗ್ರಾಂ, ಬೆಣ್ಣೆ 150, ಮೈದಾ 225. ಮೈದಾದಲ್ಲಿ 25 ಗ್ರಾಂ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿದರೆ ಬಾಯಲ್ಲಿ ಕರಗುತ್ತದೆ. ಚಿಟಿಕೆ ಉಪ್ಪು. ಮೊಟ್ಟೆ ಬೇಡವೇ ಬೇಡ. ನಾನ್‌ಖಟಾಯಿಯೂ ಮೊಟ್ಟೆಯಿಲ್ಲದೆ ತಾನೇ ಇಷ್ಟು ಕಾಲ ಬಾಳಿದ್ದು! ಬೇಕಿಂಗ್ ಪೌಡರ್ ಹಾಕಿದ್ದರೆ ಅದನ್ನೂ ಬಿಡಿ. ನೀವು ಒತ್ತಿದ ಗುಂಡಿಯನ್ನು ಕೆಳಗಿನಿಂದ ಎತ್ತಿ ಜಾಮನ್ನು ಹೊರಚೆಲ್ಲುವುದು ಅದೇ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಜಾಸ್ತಿ, ಬಿಸ್ಕತ್ತು ಹರಡಿಕೊಳ್ಳುತ್ತದೆ. ಪ್ಯಾಕೆಟ್ಟಿನ ಬೆಣ್ಣೆ ಬಳಸಿ. ತುಪ್ಪವೇ ಇಷ್ಟವಾದರೆ 120 ಗ್ರಾಂ ಸಾಕು, ಹಿಟ್ಟು ಕೂಡದಿದ್ದರೆ ಒಂದೆರಡು ಚಮಚ ಹಾಲು.

15 ಗ್ರಾಮಿನ ಮೂವತ್ತು ಉಂಡೆ ಆಗುತ್ತದೆ. ಬಿರುಕಿಲ್ಲದಂತೆ ನುಣ್ಣಗೆ ಉಂಡೆ ಕಟ್ಟಿ, ಗುಂಡಿ ಒತ್ತಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಇಲ್ಲಿ ಒಂದು ಉಪಾಯ. ಖಾಲಿ ಗುಂಡಿಯಲ್ಲೇ 170 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿ ಹೊರತೆಗೆಯಿರಿ. ಗುಂಡಿ ಸ್ವಲ್ಪ ಮೇಲೆದ್ದಿರುತ್ತದೆ. ಚಮಚದ ಬೆನ್ನಿನಿಂದ ಮೆಲ್ಲಗೆ ಮತ್ತೆ ಒತ್ತಿ. ಈಗ ಜಾಮ್, ಗುಂಡಿಯ ಮುಕ್ಕಾಲು ಮಾತ್ರ, ಅರ್ಧ ಟೀ ಚಮಚಕ್ಕಿಂತ ಹೆಚ್ಚಿಲ್ಲ. ಗೋಪುರ ಕಟ್ಟಬೇಡಿ. ಮತ್ತೆ ಆರೇಳು ನಿಮಿಷ, ಬುಡ ಹೊಂಬಣ್ಣ ಬರುವವರೆಗೆ. ಜಾಮ್ ಕಾವಿನಲ್ಲಿ ಕೂರುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಯಿತಲ್ಲ. ಬಿಸ್ಕತ್ತು ಎಂಬ ಪದದ ಮೂಲಾರ್ಥವೇ ಲ್ಯಾಟಿನ್ನಿನಲ್ಲಿ ‘ಎರಡು ಸಲ ಬೆಂದದ್ದು’, ಹಾಗಾಗಿ ಶಾಸ್ತ್ರಕ್ಕೂ ಲೋಪವಿಲ್ಲ. ಓಟಿಜಿಯ ಗುಂಡಿ ತೋರಿಸುವ ಡಿಗ್ರಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಹತ್ತಿಪ್ಪತ್ತು ಆಚೀಚೆ ಇರುತ್ತದೆ. ಬುಡ ಬೇಗ ಕಂದಿದರೆ ಟ್ರೇಯನ್ನು ಒಂದು ಅಂತಸ್ತು ಮೇಲಕ್ಕೆ ಏರಿಸಿ.

ಮೊಮ್ಮಗಳನ್ನು ಕಾಲು ಗಂಟೆ ದೂರವಿಡಿ. ಬಿಸ್ಕತ್ತು ಆರಿದಂತೆ ಕಂಡರೂ ಜಾಮ್ ಸುಡುತ್ತಲೇ ಇರುತ್ತದೆ. ನಾಲಗೆಗೆ ಅಂಟಿಕೊಂಡರೆ ಉಗುಳಲೂ ಆಗದು.

ಇನ್ನು ಮೆತ್ತಗಾಗುವ ವಿಚಾರ. ಬೆಂದ ಬಿಸ್ಕತ್ತಿನಲ್ಲಿ ನೀರು ನೂರಕ್ಕೆ ಎರಡೋ ನಾಲ್ಕೋ ಪಾಲು. ಪಕ್ಕದಲ್ಲೇ ಕೂತ ಜಾಮ್‌ನಲ್ಲಿ ಅದರ ಹಲವು ಪಟ್ಟು. ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಇದ್ದವನಿಂದ ಇಲ್ಲದವನ ಕಡೆಗೆ ನೀರು ಸರಿಯುತ್ತಲೇ ಇರುತ್ತದೆ. ಗಟ್ಟಿ ಪಾಕದ ಜಾಮ್ ಇದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಎರಡನೆಯ ಸಲ ಗುಂಡಿ ಒತ್ತಿದ ಕೂಡಲೆ ಒಳಮೈಗೆ ಕರಗಿದ ತುಪ್ಪವನ್ನು ಬೆರಳಿನಿಂದ ತೆಳ್ಳಗೆ ಸವರಿದರೆ ಇನ್ನೊಂದು ದಿನ ಗರಿಯಾಗಿರುತ್ತದೆ. ವಾರಕ್ಕಾಗುವಷ್ಟು ಮಾಡುವುದಾದರೆ ನನ್ನ ಪದ್ಧತಿ ಬೇರೆ: ಖಾಲಿ ಗುಂಡಿಯ ಬಿಸ್ಕತ್ತನ್ನೇ ಪೂರ್ತಿ ಬೇಯಿಸಿ ಡಬ್ಬಿಗೆ ಹಾಕಿಡುವುದು, ತಿನ್ನುವ ದಿನ ಬೇಕಾದಷ್ಟಕ್ಕೆ ಮಾತ್ರ ಬಿಸಿ ಮಾಡಿದ ಜಾಮ್ ತುಂಬುವುದು. ಕಾರ್ಖಾನೆಯವರ ದಾರಿ ಇದೇ ತಾನೇ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಏನು ಮಾಡಿದರೂ ಮೆತ್ತಗಾಗುತ್ತದೆ. ಆಗ ಖಾಲಿ ಬಿಸ್ಕತ್ತನ್ನು 140 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿ.

ಕೊನೆಗೆ ಆ ಕರಕಲು ಹಿಡಿದ ಟ್ರೇ. ಸ್ಟೀಲ್ ಜುಂಗು ಹಿಡಿದು ಉಜ್ಜಬೇಡಿ, ಟ್ರೇಯ ಮೇಲ್ಪದರ ಹೋಗುತ್ತದೆ. ಅಂಟಿರುವುದು ಬಹುಪಾಲು ಸಕ್ಕರೆಯೇ. ರಾತ್ರಿ ಮಲಗುವ ಮುಂಚೆ ಟ್ರೇಗೆ ಕುದಿನೀರು ಸುರಿದಿಡಿ, ಬೆಳಿಗ್ಗೆ ಮರದ ಸೌಟಿನ ಅಂಚು ತಾಗಿಸಿದರೆ ಎದ್ದು ಬರುತ್ತದೆ. ಮುಂದಿನ ಸಲ ಬಟರ್ ಪೇಪರ್ ಹಾಸಿಯೇ ಇಡಿ.